ನಗುಮುಖದ ಗುಂಡಿ

“ನಮ್ಮ ಆಸ್ಪತ್ರೆಗೆ ಐದು ಮುಖದ ಯಂತ್ರವೊಂದು ಬಂದಿದೆ ಮೇಷ್ಟ್ರೇ,” ಎಂದರು ಸಾವಿತ್ರಮ್ಮ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನೇ ಧ್ಯಾನಿಸುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. “ಕುಣಿಗಲ್ ಬಳಿ ಬಿದನಗೆರೆಯಲ್ಲಿ 161 ಅಡಿಯ ಪಂಚಮುಖಿ ಆಂಜನೇಯನಿದ್ದಾನೆ. ಅವನೇನಾದರೂ ನಿಮ್ಮಲ್ಲಿಗೂ ದಯಮಾಡಿಸಿದನೇ?”

“ಆಂಜನೇಯನಾಗಿದ್ದರೆ ಜನ ಕೈ ಮುಗಿಯುತ್ತಿದ್ದರು. ಇದನ್ನು ಬೆರಳಿನಿಂದ ತಿವಿಯಬೇಕು.”

ವಿಷಯ ಇಷ್ಟೇ. ನೋಂದಣಿ, ಬಿಲ್ಲು, ವಿಮೆ, ಡಿಸ್ಚಾರ್ಜು ಎಲ್ಲವೂ ಹಾದುಹೋಗುವ ಸಾವಿತ್ರಮ್ಮನವರ ಕೌಂಟರಿನ ಮೇಲೆ ಆಡಳಿತ ಮಂಡಳಿಯವರು ಒಂದು ಪೆಟ್ಟಿಗೆ ಇರಿಸಿದ್ದಾರೆ. ಹಸಿರು ಬಣ್ಣದ ನಗುವ ಮುಖದಿಂದ ಹಿಡಿದು ಕೆಂಪು ಬಣ್ಣದ ಅಳುವ ಮುಖದವರೆಗೆ ಅದರಲ್ಲಿ ಐದು ಗುಂಡಿಗಳಿದ್ದು, ಮೇಲೆ ‘ನಮ್ಮ ಸೇವೆ ಹೇಗಿತ್ತು?’ ಎಂದು ಬರೆದಿದೆ. ತಿಂಗಳ ಕೊನೆಗೆ ಮುಖಗಳ ಲೆಕ್ಕ ತೆಗೆದು, ಯಾರ ಕೌಂಟರಿನಲ್ಲಿ ನಗು ಕಡಿಮೆಯೋ ಅವರನ್ನು ಕರೆಸಿ ನಗುವುದು ಹೇಗೆಂದು ತರಬೇತಿ ಕೊಡುತ್ತಾರೆ. ತರಬೇತಿ ಇರುವುದು ಅವರ ವಾರದ ರಜೆಯ ದಿನ.

“ಇದರಲ್ಲಿ ತಪ್ಪೇನಿದೆ ಅಕ್ಕ?” ಎಂದ ರಾಜು. ಹೊಸದಾಗಿ ಏನೇ ಬರಲಿ, ಅದರ ಪರ ವಕಾಲತ್ತು ಅವನದೇ. “ಈಗ ಆಟೋದವರಿಗೂ ಅಂಕ, ಊಟ ತಂದುಕೊಡುವ ಹುಡುಗರಿಗೂ ಅಂಕ. ಕೇಂದ್ರ ಸರ್ಕಾರವೇ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂದು ಶುರುಮಾಡಿ ರೋಗಿಗಳ ಅಭಿಪ್ರಾಯ ಕೇಳುತ್ತಿದೆ.”

“ಅದು ಚಿಕಿತ್ಸೆ ಮುಗಿದವರನ್ನು ಫೋನಿನಲ್ಲೋ ಎಸ್ಸೆಮ್ಮೆಸ್ಸಿನಲ್ಲೋ ಕೇಳುವ ವ್ಯವಸ್ಥೆ. ಅದು ಬೇಕಪ್ಪ, ನಾನು ಬೇಡವೆನ್ನುವುದಿಲ್ಲ. ಇದು ಹಲ್ಲುನೋವಿನವನು ದವಡೆ ಹಿಡಿದುಕೊಂಡು ನಿಂತಿರುವಾಗ ಕೇಳುವುದು. ಅವನು ತನ್ನ ಮುಖಕ್ಕೆ ಯಾವುದು ಹೊಂದುತ್ತದೆಯೋ ಅದನ್ನು ಒತ್ತುತ್ತಾನೆ. ಪಾವಗಡದ ಕಡೆಯ ಅಜ್ಜಿಯೊಬ್ಬರು ಅಳುವ ಮುಖವನ್ನು ಗಟ್ಟಿಯಾಗಿ ಒತ್ತಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ‘ನನ್ನ ಸೊಂಟ ಹೀಗಿದೆ, ಡಾಕ್ಟರಿಗೆ ಇದನ್ನೇ ತೋರಿಸಮ್ಮ’ ಎಂದು ಹೇಳಿ ಬೆಂಚಿನ ಮೇಲೆ ಕುಳಿತರು. ಅವರ ಸೊಂಟ ನನ್ನ ಲೆಕ್ಕಕ್ಕೆ ಬಂತು.”

“ಮಕ್ಕಳು?” ಎಂದು ಮೇಷ್ಟ್ರು ಕೇಳಿದರು.

“ಮಕ್ಕಳು ಐದನ್ನೂ ಒತ್ತುತ್ತಾರೆ. ಆ ಯಂತ್ರದ ಮುಂದೆ ಪಕ್ಷಪಾತವಿಲ್ಲದೆ ನಡೆದುಕೊಳ್ಳುವವರು ಅವರೊಬ್ಬರೇ. ಮೊನ್ನೆ ಗಂಡುಮಗು ಹುಟ್ಟಿತೆಂದು ಒಬ್ಬ ಹುಡುಗ ಓಡಿಬಂದು ನಗುವ ಮುಖವನ್ನು ಟಪಟಪನೆ ಒತ್ತಿದ. ಸಂಜೆ ಬಿಲ್ಲು ನೋಡಿದ ಮೇಲೆ ಅದೇ ಬೆರಳಿನಿಂದ ಅಳುವ ಮುಖವನ್ನು ಒತ್ತಿದ. ಮಗುವನ್ನು ಹೆತ್ತವಳು ಅವನ ಹೆಂಡತಿ, ದರ ನಿಗದಿ ಮಾಡಿದವರು ಆಡಳಿತ ಮಂಡಳಿಯವರು. ನಡುವೆ ಬೆಳಿಗ್ಗೆ ನಗಿಸಿದವಳೂ ಸಂಜೆ ಅಳಿಸಿದವಳೂ ನಾನಂತೆ.”

ಗಂಗಣ್ಣನವರು ಎರಡನೆಯ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಾ, “ಸಾವಿತ್ರಮ್ಮನವರೇ, ಬೇಸರ ಮಾಡಿಕೊಳ್ಳಬೇಡಿ,” ಎಂದರು. ಅವರು ಹೀಗೆ ಆರಂಭಿಸಿದಾಗಲೆಲ್ಲ ಎದುರಿನವರಿಗೆ ಬೇಸರವಾಗುವುದು ಖಚಿತ. “ಕಾಯಿಲೆ ನೋಡುವವರು ಡಾಕ್ಟರು, ಸೂಜಿ ಚುಚ್ಚುವವರು ನರ್ಸು. ನೀವು ಗಾಜಿನ ಹಿಂದೆ ಕುಳಿತು ಹೆಸರು, ವಯಸ್ಸು ಕೇಳುವವರು. ಕೇಳುವಾಗ ಒಂದಿಷ್ಟು ನಕ್ಕರೆ ಗಂಟೇನು ಹೋಗುತ್ತದೆ?”

“ಆ ಹೆಸರು, ವಯಸ್ಸಿನಲ್ಲೇ ಇರುವುದು ಗಂಗಣ್ಣ, ಎಲ್ಲ ಫಜೀತಿ. ಶಿರಾ ಕಡೆಯಿಂದ ಒಬ್ಬ ಮುದುಕಪ್ಪ ಬರುತ್ತಾನೆ. ಆಯುಷ್ಮಾನ್ ಕಾರ್ಡಿಗೆ ಆಧಾರಿನ ಓಟಿಪಿ ಬೇಕು. ಆಧಾರಿಗೆ ಜೋಡಿಸಿದ ಫೋನು ಪೀಣ್ಯದ ಕಾರ್ಖಾನೆಯಲ್ಲಿರುವ ಮಗನ ಜೇಬಿನಲ್ಲಿದೆ, ಮಗ ಲೇತಿನ ಮುಂದಿದ್ದಾನೆ, ಅವನು ಕೈ ಒರೆಸಿಕೊಂಡು ಸಂಖ್ಯೆ ಹೇಳುವ ಹೊತ್ತಿಗೆ ಓಟಿಪಿಯ ಆಯಸ್ಸು ಮುಗಿದಿರುತ್ತದೆ. ಬೆರಳಚ್ಚು ಇಡಿಸೋಣವೆಂದರೆ ನಿಮ್ಮಂಥ ವ್ಯಾಪಾರಿಗಳ ಮಂಡಿಗಾಗಿ ತೆಂಗಿನಕಾಯಿ ಸುಲಿದು ಸುಲಿದು ಆ ಬೆರಳುಗಳಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಹೆಬ್ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿಸಿ, ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಎಡಗೈ ಎಂದು ನಾನು ಹತ್ತೂ ಬೆರಳಿಗೆ ಪೂಜೆ ಮಾಡುತ್ತಿರುವಾಗ, ಹಿಂದಿನ ಸಾಲಿನಿಂದ ‘ಏನು ಮೇಡಂ, ನಿದ್ದೆ ಮಾಡುತ್ತಿದ್ದೀರಾ?’ ಎಂಬ ಕೂಗು. ಆಗ ಹೇಗೆ ನಗಬೇಕೆಂದು ತರಬೇತಿಯಲ್ಲಿ ಹೇಳಿಕೊಡಲಿಲ್ಲ.”

“ಈಗ ಹದಿನಾಲ್ಕು ಅಂಕಿಯ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ ಬಂದಿದೆಯಲ್ಲ ಅಕ್ಕ,” ಎಂದು ರಾಜು ಮತ್ತೆ ಎದ್ದು ನಿಂತ. “ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಟೋಕನ್ ಬರುತ್ತದೆ.”

“ಬರುತ್ತದೆ. ಫೋನಿದ್ದವನಿಗೆ ಬರುತ್ತದೆ. ಫೋನಿಲ್ಲದವರು ನನ್ನ ಮುಖವನ್ನೇ ಸ್ಕ್ಯಾನ್ ಮಾಡುತ್ತಾರೆ.”

ಮಾತು ಅಲ್ಲಿಂದ ಡಿಸ್ಚಾರ್ಜಿಗೆ ಹೊರಳಿತು, ಏಕೆಂದರೆ ಮೇಷ್ಟ್ರಿಗೆ ಹಿಂದೊಮ್ಮೆ ಬೆಳಿಗ್ಗೆ ಮನೆಗೆ ಹೋಗಬಹುದೆಂದು ಹೇಳಿ ದೀಪ ಹಚ್ಚುವ ಹೊತ್ತಿಗೆ ಬಿಟ್ಟಿದ್ದರು. “2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದವರು ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕೆಂದು ಸುತ್ತೋಲೆ ಹೊರಡಿಸಿದ್ದಾರೆ ಎಂದು ನಾನೇ ಓದಿದ್ದೇನೆ,” ಎಂದು ಅವರು ದೂರಿದರು.

“ಆ ಗಡಿಯಾರ ಓಡಲು ಶುರುವಾಗುವುದು ಕಡತ ನಮ್ಮಲ್ಲಿಂದ ಹೋದ ಮೇಲೆ ಮೇಷ್ಟ್ರೇ. ಅದಕ್ಕೆ ಮೊದಲು ಮಿಕ್ಕ ಔಷಧಿ ಫಾರ್ಮಸಿಗೆ ವಾಪಸಾಗಬೇಕು, ಲ್ಯಾಬಿನ ಕೊನೆಯ ವರದಿ ಬರಬೇಕು, ಡಿಸ್ಚಾರ್ಜ್ ಸಮರಿಗೆ ಡಾಕ್ಟರು ಸಹಿ ಹಾಕಬೇಕು, ಡಾಕ್ಟರು ಆಪರೇಷನ್ ಥಿಯೇಟರಿನಿಂದ ಹೊರಬರಬೇಕು. ಅಷ್ಟು ಹೊತ್ತಿಗೆ ರೋಗಿ ಹೊಸ ಅಂಗಿ ತೊಟ್ಟು, ಫ್ಲಾಸ್ಕು, ಚಾಪೆ, ಬಕೆಟ್ಟು ಕಟ್ಟಿಕೊಂಡು ಮಂಚದ ತುದಿಯಲ್ಲಿ ಕುಳಿತಿರುತ್ತಾನೆ, ಹೊರಗೆ ಬಾಡಿಗೆ ಓಮ್ನಿಯವನು ಹಾರ್ನ್ ಹಾಕುತ್ತಿರುತ್ತಾನೆ. ಡಾಕ್ಟರರು ಯಾರ ಕಣ್ಣಿಗೂ ಬೀಳುವುದಿಲ್ಲ, ವಿಮೆಯವರಿಗೆ ಮುಖವೇ ಇಲ್ಲ. ಇಡೀ ಕಟ್ಟಡದಲ್ಲಿ ಬೈಯಲು ಸಿಗುವ ಮುಖ ನನ್ನದೊಂದೇ. ಪಕ್ಕದಲ್ಲಿ ಈ ಐದು.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಸಾವಿತ್ರಮ್ಮ ಕಾಫಿಯ ಲೋಟವನ್ನು ತಿರುಗಿಸುತ್ತಾ ಮುಂದುವರಿದರು.

“ಹುಟ್ಟು ಸಾವುಗಳ ವರದಿ 21 ದಿನದೊಳಗೆ ಹೋಗಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದ್ದಾದರೆ ಕಳುಹಿಸುವ ಜವಾಬ್ದಾರಿ ಆಸ್ಪತ್ರೆಯದೇ. ಮಧುಗಿರಿಯ ಕಡೆಯ ರೈತನೊಬ್ಬನ ಹೆಂಡತಿ ಹಿಂದಿನ ರಾತ್ರಿ ತೀರಿಕೊಂಡಿದ್ದಳು. ಕೇಸ್ ಶೀಟಿನಲ್ಲಿ ಲಕ್ಷ್ಮಮ್ಮ ಎಂದಿತ್ತು. ಏಕೋ ಅನುಮಾನ ಬಂದು ಆಧಾರ್ ಕೇಳಿದೆ. ಆತ ಪ್ಲಾಸ್ಟಿಕ್ ಕವರಿನಿಂದ ಎಕ್ಸ್‌ರೇ, ಮಾತ್ರೆಯ ಚೀಟಿ, ಆಕೆಯ ಬಳೆಗಳನ್ನು ಒಂದೊಂದಾಗಿ ತೆಗೆದಿಟ್ಟು ಕೊನೆಗೆ ಕಾರ್ಡು ಕೊಟ್ಟ. ಅದರಲ್ಲಿ ಲಕ್ಷ್ಮೀದೇವಮ್ಮ ಎಂದಿತ್ತು. ಜಮೀನು ಆಕೆಯ ಹೆಸರಿನಲ್ಲಿತ್ತಂತೆ. ಆ ಎರಡಕ್ಷರ ಬಿಟ್ಟುಹೋಗಿದ್ದರೆ ಆತ ಪೌತಿ ಖಾತೆಗಾಗಿ ಎಷ್ಟು ಕಾಲ ನಾಡಕಚೇರಿಗೆ ಅಲೆಯಬೇಕಾಗಿತ್ತೋ! ದಾಖಲೆ ಪರಿಶೀಲಿಸಿ, ಡಾಕ್ಟರರಿಂದ ಸಹಿ ಮಾಡಿಸಿ ತಿದ್ದಿದೆ. ಆತನಿಗೆ ಅದೇನೆಂದು ತಿಳಿಯಲೂ ಇಲ್ಲ. ಮುಂದಿದ್ದವರೆಲ್ಲ ಒತ್ತಿ ಹೋದದ್ದನ್ನು ನೋಡಿ, ಇದೂ ಒಂದು ಶಾಸ್ತ್ರವೆಂದುಕೊಂಡು, ‘ನಾನು ಯಾವುದು ಒತ್ತಬೇಕು ತಾಯಿ?’ ಎಂದು ಕೇಳಿದ. ನಾನು ಕೇಸ್ ಶೀಟುಗಳ ಕಟ್ಟೊಂದನ್ನು ಯಂತ್ರದ ಮೇಲಿಟ್ಟು, ಕೆಟ್ಟಿದೆ ಎಂದೆ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ರಾಜುವಿಗೂ ವಕಾಲತ್ತು ಹೊಳೆಯಲಿಲ್ಲ. ಆದರೆ ಗಂಗಣ್ಣನವರು ಮೌನವನ್ನು ಸಹಿಸುವವರಲ್ಲ.

“ಅಂದಹಾಗೆ, ನನ್ನದೊಂದು ಹರ್ನಿಯಾ ಇದೆ,” ಎಂದರು. “ಮುಂದಿನ ವಾರ ನಿಮ್ಮಲ್ಲಿಗೇ ಬರೋಣವೆಂದಿದ್ದೇನೆ. ನಗುವ ಮುಖವನ್ನೇ ಒತ್ತುತ್ತೇನೆ, ಎಷ್ಟು ಬೇಕೋ ಅಷ್ಟು ಸಲ.”

“ಮೊದಲು ಗುಬ್ಬಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಕೇಸಾದರೆ ಮಾತ್ರ ಚೀಟಿ ಬೇಕಿಲ್ಲ, ನಿಮ್ಮದು ಎರಡು ತಟ್ಟೆ ಇಡ್ಲಿ ತಿನ್ನುವ ಹರ್ನಿಯಾ. ಕಾರ್ಡು ಯಾವುದು?”

ಗಂಗಣ್ಣನವರು ಆಚೀಚೆ ನೋಡಿ ದನಿ ತಗ್ಗಿಸಿದರು. “ಬಿ.ಪಿ.ಎಲ್.”

“ಎರಡು ಲಾರಿ ಇಟ್ಟುಕೊಂಡು?” ಎಂದು ರಾಜು ಕೂಗಿದ್ದರಿಂದ ಪಕ್ಕದ ಮೇಜಿನವರೂ ತಿರುಗಿ ನೋಡಿದರು.

“ಆಯುಷ್ಮಾನ್ ಯೋಜನೆಯಲ್ಲಿ ಆ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ, ಬೆರಳು ಸವೆದವರಿಗಾಗಿ,” ಎಂದರು ಸಾವಿತ್ರಮ್ಮ. “ಎ.ಪಿ.ಎಲ್.ನವರಿಗೆ ಪ್ಯಾಕೇಜಿನ ಶೇಕಡ 30 ಕೊಡುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನ್ಯಾಯವಾಗಿ ನಿಮಗೆ ಸಲ್ಲಬೇಕಾದದ್ದು ಅದು. ಬಿ.ಪಿ.ಎಲ್. ಕಾರ್ಡು ಹಿಡಿದು ನನ್ನ ಕೌಂಟರಿಗೆ ಬಂದಿರೋ, ಅವತ್ತು ಗುಂಡಿ ಒತ್ತುವವಳು ನಾನು.”

“ಯಾವ ಮುಖದ್ದು ಅಕ್ಕ?”

“ಆ ಐದರಲ್ಲಿ ಅದಿಲ್ಲ ರಾಜು. ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರ ಮುಖ.”