ಗೌಡನ ಐದು ಯೂರೋ

ಐರ್ಲೆಂಡಿನ ಕಾರ್ಕ್ ಕೌಂಟಿಯ ಒಂದು ಹೊಲ. ಭಾನುವಾರ. ಕಾರಿನಿಂದ ಇಳಿದ ಶೆಟ್ರ ಬೂಟು ಪಾದ ಮುಳುಗುವಷ್ಟು ಹೂತಿತು. "ಮಾರಾಯ್ರೆ, ಇದು ಕೋಣ ಓಡಿಸೋ ಕೆಸರು. ಕುದುರೆ ಯಾಕೆ?"

ನಾವು ಡಿಕ್ಕಿ ತೆರೆದು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಅಕ್ಕಪಕ್ಕದವರದ್ದೂ ಡಿಕ್ಕಿಯಲ್ಲೇ ಊಟ.

ಇದು ಪಾಯಿಂಟ್-ಟು-ಪಾಯಿಂಟ್ ರೇಸು. ರೈತರ ಹೊಲದಲ್ಲಿ ಸುಮಾರು ಮೂರು ಮೈಲಿ ಓಟ, ನಡುನಡುವೆ ಬೇಲಿ ಹಾರಬೇಕು. ಸವಾರರೆಲ್ಲ ಹವ್ಯಾಸಿಗಳು, ಕೂಲಿ ಇಲ್ಲ.

"ಪುಕ್ಕಟೆ ಬೀಳೋದಾ?" ಎಂದ ಗೌಡ.

"ಶನಿವಾರ ಪುಕ್ಕಟೆ ಲ್ಯಾಪ್‌ಟಾಪ್ ಮುಂದೆ ಬಿದ್ದಿರಲ್ವಾ ನೀನು?" ಎಂದಳು ಸವಿತಾ.

ಶೆಟ್ರು ಇತಿಹಾಸಕ್ಕೆ ಇಳಿದರು. "1752ರಲ್ಲಿ ಇದೇ ಸೀಮೆಯಲ್ಲಿ ಇಬ್ಬರು ಪಂಥ ಕಟ್ಟಿದ್ರಂತೆ. ಬಟವೆಂಟ್ ಚರ್ಚಿನಿಂದ ಡೊನರೇಲ್ ಚರ್ಚಿನವರೆಗೆ, ಬೇಲಿ ಹಳ್ಳ ಎಲ್ಲ ಹಾರಿ. ಚರ್ಚಿನ ಗೋಪುರಕ್ಕೆ ಸ್ಟೀಪಲ್ ಅಂತಾರಲ್ಲ, ಅದಕ್ಕೇ ಇದು ಸ್ಟೀಪಲ್‌ಚೇಸ್."

"ಗೋಪುರ ನೋಡ್ಕೊಂಡೇ ಹೋದ್ರಾ? ನಾವು ಮ್ಯಾಪ್ ಇದ್ದೂ ಮೂರು ಸಲ ದಾರಿ ತಪ್ಪಿದ್ವಿ!"

ಟೀ ಟೆಂಟಿನಲ್ಲಿ ಒಬ್ಬಳು ಹುಡುಗಿ ಲೋಟ ತುಂಬಿಸಿ ಕೊಟ್ಟಳು. ಕೈಗೆ ಹಳೇ ಬ್ಯಾಂಡೇಜು, ಉಗುರಲ್ಲಿ ಮಣ್ಣು. ಗೌಡ ಕೇಕ್ ಕಚ್ಚುತ್ತಾ ತೀರ್ಪು ಕೊಟ್ಟ: "ಹೆಂಗಸರಿಗೆ ಟೀ, ಗಂಡಸರಿಗೆ ಕುದುರೆ. ಎಲ್ಲಾ ಊರಲ್ಲೂ ಅಷ್ಟೇ ಬಿಡು."

ಸವಿತಾ ಬಿಡುವವಳಲ್ಲ. "ರೇಚಲ್ ಬ್ಲ್ಯಾಕ್‌ಮೋರ್ ಗೊತ್ತಾ? ಪಕ್ಕದ ಟಿಪ್ಪರರಿಯ ಹಾಲಿನ ಡೈರಿ ರೈತನ ಮಗಳು. ಇಂಥ ಹೊಲಗಳಲ್ಲೇ ಓಡಿಸಿ ಬೆಳೆದವಳು. 2021ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದಳು, ಇಂಗ್ಲೆಂಡಿನ ಹೆಸರಾಂತ ಬೇಲಿ ಹಾರೋ ಕುದುರೆ ರೇಸು. ಅದನ್ನ ಗೆದ್ದ ಮೊದಲ ಹೆಂಗಸು. ಕೇಟಿ ವಾಲ್ಶ್ 2012ರಲ್ಲಿ ಅದೇ ರೇಸಲ್ಲಿ ಮೂರನೇ ಸ್ಥಾನ, ಅದೂ ಹವ್ಯಾಸಿಯಾಗಿ."

"ಅವರೆಲ್ಲ ದೊಡ್ಡೋರು" ಎಂದು ಗೌಡ ಬುಕ್ಕಿಯ ಹತ್ತಿರ ಹೋಗಿ ಐದು ಯೂರೋ ಕಟ್ಟಿಬಂದ. ಕುದುರೆಯ ಬಣ್ಣ ಇಷ್ಟವಾಯಿತಂತೆ. (ಇವನು ಮನೆಗೆ ಪರದೆ ಆರಿಸುವುದೂ ಹೀಗೇ, ಅದಿರಲಿ.)

ಹೆಂಗಸರ ರೇಸು ಬಂತು. ಜೀನು ಹಿಡಿದು ಸವಾರರ ತೂಕ ನೋಡುವ ಸಾಲಿನಲ್ಲಿ ನಿಂತವಳ ಕೈಯಲ್ಲಿ ಅದೇ ಬ್ಯಾಂಡೇಜು. ನಾನು ಗೌಡನ ಮುಖ ನೋಡಿದೆ. ಅವನು ಕೇಕ್ ನುಂಗುವುದನ್ನೇ ಮರೆತಿದ್ದ.

ಕೊನೆಯ ಬೇಲಿಯವರೆಗೂ ಗೌಡನ ಕುದುರೆಯೇ ಮುಂದಿತ್ತು. ಹಾರಿ ಇಳಿಯುವಾಗ ಮುಗ್ಗರಿಸಿತು. ಟೀ ಹುಡುಗಿ ಪಕ್ಕದಿಂದ ನುಗ್ಗಿದಳು. ಕೆಸರು ಮೆತ್ತಿ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು. ಶೆಟ್ರು ಕಂಬಳದ ಕರೆಯಲ್ಲಿ ನಿಂತವರ ಹಾಗೆ ಕೂಗಿದರು.

ಸಂಜೆ ಮತ್ತೆ ಟೀಗೆ ಹೋದರೆ ಅವಳೇ, ಮುಖ ತೊಳೆದುಕೊಂಡು ನಿಂತಿದ್ದಳು. ಸಕ್ಕರೆ ಎಷ್ಟು ಅಂತ ಕೇಳಿದಳು.

"ಎಷ್ಟಾದ್ರೂ ಹಾಕಿ ಅಕ್ಕಾ" ಎಂದುಬಿಟ್ಟ ಗೌಡ, ಕನ್ನಡದಲ್ಲೇ.