ಪದೇಪದೇ ಹಿಂದಿನ ಚಕ್ರವೇ ಪಂಕ್ಚರ್: ಯಾವ ಟಯರ್ ಹಾಕಿಸಲಿ?

ಪ್ರಶ್ನೆ: ದಿನಾ ಆಫೀಸಿಗೆ ಹೋಗಿಬರೋಕೆ 30 ಕಿ.ಮೀ. ಬೈಕ್ ಓಡಿಸ್ತೀನಿ, ಎಲ್ಲಾ ಸಿಟಿ ರಸ್ತೆ. ಅಲಾಯ್ ವೀಲ್, ಟ್ಯೂಬ್‌ಲೆಸ್ ಟಯರ್. ಎರಡು ತಿಂಗಳಲ್ಲಿ ಮೂರು ಪಂಕ್ಚರ್, ಮೂರೂ ಹಿಂದೆ. ಗಟ್ಟಿ ರಬ್ಬರಿನ, ಹೆಚ್ಚು ಪ್ಲೈ (ಒಳಗಿನ ದಾರದ ಪದರ) ಇರೋ ಟಯರ್ ಹಾಕಿಸಿದ್ರೆ ಮೊಳೆನೇ ಚುಚ್ಚಲ್ಲ ಅಂತಾರೆ ಗೆಳೆಯರು. ನಿಜಾನಾ ಸರ್?

ಟಯರ್ ಮೆಕ್ಯಾನಿಕ್: ಮೊಳೆ ಚುಚ್ಚದ ಟಯರನ್ನು ಇಷ್ಟು ವರ್ಷದಲ್ಲಿ ನಾನಂತೂ ಬಿಚ್ಚಿಲ್ಲ, ಹಾಕಿಲ್ಲ. ರಸ್ತೆ ಮೇಲೆ ಮಲಗಿರೋ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತೆ, ಹಿಂದಿನದು ಹೋಗಿ ಅದರ ಮೇಲೆ ಹತ್ತುತ್ತೆ. ಭಾರ ಹೊರೋದೂ ಹಿಂದಿನದೇ, ಬೇಗ ಸವೆಯೋದೂ ಅದೇ. ಸವೆದ ಟಯರಿನಲ್ಲಿ ಮೊಳೆಗೂ ಒಳಗಿನ ಗಾಳಿಗೂ ನಡುವೆ ರಬ್ಬರ್ ಎಷ್ಟಿರುತ್ತೆ ಹೇಳಿ?

ಅದಕ್ಕೇ ಮೊದಲು ಒಂದು ಕೆಲಸ ಮಾಡಿ. ಟಯರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯೂಐ (TWI, ಸವೆತ ತೋರಿಸೋ ಗುರುತು) ಅನ್ನೋ ಅಕ್ಷರ ಇರುತ್ತೆ. ಅದರ ನೇರಕ್ಕೆ ಮೇಲಿನ ಗೆರೆಯೊಳಗೆ ಬೆರಳಾಡಿಸಿದ್ರೆ ಪುಟ್ಟ ದಿಬ್ಬ ಸಿಗುತ್ತೆ. ಸುತ್ತಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ರೆ ಟಯರ್ ಮುಗೀತು.

ಗಟ್ಟಿ ರಬ್ಬರ್ ಬಾಳಿಕೆ ಬರುತ್ತೆ, ಸುಳ್ಳಲ್ಲ. ಆದ್ರೆ ಮಳೇಲಿ ಜೀಬ್ರಾ ಪಟ್ಟಿ ಮೇಲೆ ಬ್ರೇಕ್ ಹಿಡಿದಾಗ ಜಾರೋದೂ ಅದೇ. ಪಂಕ್ಚರಿಗೆ ಹೆದರಿ ಹಿಡಿತ ಕಳ್ಕೊಳ್ಳೋ ವ್ಯಾಪಾರ ನಾನು ಯಾರಿಗೂ ಹೇಳಲ್ಲ. ಗೆರೆ ಆಳವಾಗಿರೋ ಸಾಧಾರಣ ಸಿಟಿ ಟಯರ್, ಕಂಪನಿ ಹೇಳಿದ ಸೈಜಿನದ್ದೇ ಸಾಕು. ಪಕ್ಕದಲ್ಲಿರೋ ನಾಲ್ಕಂಕಿ ತಾರೀಕು ನೋಡಿ: 2324 ಅಂದ್ರೆ 2024ರ 23ನೇ ವಾರ ತಯಾರಾಗಿದ್ದು. ಹಳೇ ಸ್ಟಾಕ್ ತಗೋಬೇಡಿ. ಇನ್ನು ಟ್ಯೂಬ್‌ಲೆಸ್ ನಿಮ್ಮ ಪುಣ್ಯ, ಬಿಡಬೇಡಿ. ಮೊಳೆ ಹೊಕ್ಕರೂ ರಬ್ಬರ್ ಅದನ್ನೇ ಕಚ್ಚಿ ಹಿಡಿಯುತ್ತೆ, ಗಾಳಿ ಮೆಲ್ಲಗೆ ಇಳಿಯುತ್ತೆ. ಮೊಳೆಯನ್ನು ದಾರೀಲೇ ಕೀಳೋಕೆ ಮಾತ್ರ ಹೋಗಬೇಡಿ.

ಇನ್ನೊಬ್ಬರು: ಒಳಗೆ ಸೀಲೆಂಟ್, ಅದೇ ತೂತು ಮುಚ್ಚೋ ದ್ರವ, ಹಾಕ್ಸಿದ್ರೆ?

ಟಯರ್ ಮೆಕ್ಯಾನಿಕ್: ಸಣ್ಣ ತೂತಿಗೆ ಪರವಾಗಿಲ್ಲ, ಪಕ್ಕ ಹರಿದ್ರೆ ಏನೂ ಮಾಡಲ್ಲ. ಇನ್ನೊಂದು ತೊಂದರೆ, ಮೊಳೆ ಹೊಕ್ಕಿದ್ದೇ ಗೊತ್ತಾಗಲ್ಲ, ತಿಂಗಳುಗಟ್ಟಲೆ ಅದರ ಮೇಲೇ ಓಡಿಸ್ತಾರೆ. ಆಮೇಲೆ ಟಯರ್ ಬಿಚ್ಚಿದೋನು ಆ ಲೋಳೆ ಬಳಿಯುತ್ತಾ ಕೂರಬೇಕು.

ಮತ್ತೊಬ್ಬರು: ನಂದು ಸ್ಪೋಕ್ ವೀಲ್, ಟ್ಯೂಬ್ ಇದೆ. ಹೊಸ ಟ್ಯೂಬ್ ಹಾಕಿಸಿದ ಎರಡನೇ ದಿನಕ್ಕೇ ಮತ್ತೆ ಪಂಕ್ಚರ್ ಅಣ್ಣ.

ಟಯರ್ ಮೆಕ್ಯಾನಿಕ್: ಹಳೇ ಮುಳ್ಳು ಟಯರಲ್ಲೇ ಕೂತಿರಬೇಕು. ಒಳಗಡೆ ಹತ್ತಿ ಬಟ್ಟೆ ಆಡಿಸಿ ನೋಡಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲೇ ಇರುತ್ತೆ. ಬರಿಗೈ ಆಡಿಸಬೇಡಿ, ನನ್ನ ಬೆರಳಿನ ಗುರುತು ಇನ್ನೂ ಹೋಗಿಲ್ಲ. ಸಿಗದಿದ್ರೆ ರಿಮ್ಮಿನ ಪಟ್ಟಿ ಜರುಗಿ ಸ್ಪೋಕಿನ ತುದಿ ಟ್ಯೂಬಿಗೆ ತಾಗ್ತಿದೆಯಾ ನೋಡಿಸಿ.

ಮೊದಲು ಕೇಳಿದವರು: ನೋಡ್ದೆ ಸರ್. ದಿಬ್ಬ, ರಬ್ಬರ್ ಎರಡೂ ಒಂದೇ ಮಟ್ಟ. ಗಾಳಿಯ ಒತ್ತಡ 33 ಪಿಎಸ್‌ಐ ಇರಬೇಕಿತ್ತು, 21 ಇದೆ. ಹೋದ ವಾರ ತಾನೇ ಹೊಡೆಸಿದ್ದೆ!

ಟಯರ್ ಮೆಕ್ಯಾನಿಕ್: ವಾರಕ್ಕೆ 12 ಇಳಿದಿದ್ರೆ ಎಲ್ಲೋ ಸೋರ್ತಿದೆ. ಮೂರು ತೂತು ಮುಚ್ಚಿದ ಜಾಗ, ವಾಲ್ವಿನ ಬುಡ, ಎರಡಕ್ಕೂ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಬರುತ್ತೆ ತಿಳಿಸಿ. ಹೊಸ ಟಯರ್ ಹಾಕಿಸೋವಾಗ ವಾಲ್ವೂ ಹೊಸದೇ ಹಾಕಿಸಿಬಿಡಿ.