ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮತ್ತೆ ಕೆಲಸಕ್ಕೆ ಹೋಗುವುದಾದರೆ ಎಲ್ಲಿಗೆ?

ಪ್ರಶ್ನೆ: ಬ್ಯಾಂಕ್ ಮ್ಯಾನೇಜರ್ ಆಗಿ ಕಳೆದ ತಿಂಗಳು ನಿವೃತ್ತಿಯಾದೆ. ಪಿಂಚಣಿ ಬರುತ್ತದೆ, ದುಡ್ಡಿಗೆ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಸುಮ್ನೆ ಕೂರಲು ಆಗುತ್ತಿಲ್ಲ. ನಮ್ಮ ಬ್ಯಾಂಕಿನವರು ನಿವೃತ್ತರನ್ನು ಕನ್‌ಕರೆಂಟ್ ಆಡಿಟ್‌ಗೆ (ಶಾಖೆಯ ವಹಿವಾಟನ್ನು ಆಗಿಂದಾಗ್ಗೆಯೇ ಪರಿಶೀಲಿಸುವ ಕೆಲಸ) ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತಿದ್ದಾರೆ. ಇತ್ತ ಊರಿನ ಸೌಹಾರ್ದ ಸಹಕಾರಿಯವರು ‘ಸಿಇಒ ಆಗಿ ಬನ್ನಿ ಸರ್’ ಎಂದು ಮನೆಗೇ ಬಂದು ಕರೆದರು. ಸಂಬಳ ಅಲ್ಲೇ ಜಾಸ್ತಿ. ಹೋದವರಿದ್ದರೆ ಅನುಭವ ಹೇಳಿ.

ಸೌಹಾರ್ದದಲ್ಲಿ ಕೆಲಸ ಮಾಡಿದವರು:

ಸರ್, ಕೆಲಸ ನನಗೆ ತುಂಬಾ ಹಿಡಿಸಿತ್ತು. ತರಕಾರಿ ಮಾರುವವರು, ಟೈಲರ್‌ಗಳು, ದಿನಾ ಪಿಗ್ಮಿ ಕಟ್ಟುವವರು ಬರುತ್ತಾರೆ. ಅವರಿಗೆ ಅಂಥ ಸಂಸ್ಥೆ ಬೇಕೇ ಬೇಕು. ಆದರೆ ನಿಮ್ಮನ್ನೇ ಯಾಕೆ ಕರೆಯುತ್ತಿದ್ದಾರೆ, ಯೋಚಿಸಿ. ಮ್ಯಾನೇಜರ್ ಸಾಹೇಬರೇ ಕೂತಿದ್ದಾರೆ ಎಂದರೆ ಜನ ನಂಬಿ ಠೇವಣಿ ಇಡುತ್ತಾರೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘಕ್ಕೂ ಸೌಹಾರ್ದಕ್ಕೂ ಆ ವಿಮೆ ಇಲ್ಲ. ಇದು ಇಟ್ಟವರಲ್ಲಿ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ರಿಟೈರ್ ಆದ ಮೇಷ್ಟ್ರೊಬ್ಬರು ಗ್ರಾಚ್ಯುಟಿ ಹಣ ತಂದು ನಿಮ್ಮ ಮುಖ ನೋಡಿ ಇಟ್ಟರು ಅಂತಿಟ್ಟುಕೊಳ್ಳಿ. ನಾಳೆ ಹೆಚ್ಚುಕಡಿಮೆಯಾದರೆ ಅವರು ಬರುವುದು ನಿಮ್ಮ ಮನೆ ಬಾಗಿಲಿಗೇ ಅಲ್ವಾ?

ಒಪ್ಪುವ ಮೊದಲು ಹಿಂದಿನ ಆಡಿಟ್ ವರದಿಗಳನ್ನು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ಸುಸ್ತಿ ಸಾಲದ ಪಟ್ಟಿಯಲ್ಲಿ ನಿರ್ದೇಶಕರ ನೆಂಟರಿಷ್ಟರು ಇದ್ದಾರಾ ನೋಡಿ. ಮಾರ್ಚ್ ಕೊನೆಯ ವಾರದ ವೋಚರ್ ತೆಗೆಸಿ. ಹೊಸ ಸಾಲ ಕೊಟ್ಟು ಹಳೆಯದನ್ನು ಮುಚ್ಚಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾನಿದ್ದ ಕಡೆ ನಿರ್ದೇಶಕರೊಬ್ಬರು ‘ದುಡ್ಡು ಕೊಟ್ಟು ಕಳಿಸಿ, ಪೇಪರ್ ಆಮೇಲೆ ಮಾಡೋಣ’ ಎಂದು ಫೋನ್ ಮಾಡುತ್ತಿದ್ದರು. ನಾನು ಕೊಡಲಿಲ್ಲ. ಅವರು ನಿಲ್ಲಿಸಲಿಲ್ಲ. ಕೊನೆಗೆ ನಾನೇ ಹೊರಬಂದೆ. ಠರಾವು ಆಗದೆ ಒಂದು ರೂಪಾಯಿಯೂ ಬಿಡುಗಡೆ ಇಲ್ಲ ಎಂದು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಅದಕ್ಕೆ ಒಪ್ಪುವ ಆಡಳಿತ ಮಂಡಳಿ ಸಿಕ್ಕರೆ ಖಂಡಿತ ಹೋಗಿ. ಒಳ್ಳೆಯ ಸಂಸ್ಥೆಗಳೂ ಇವೆ.

ಆಡಿಟ್‌ಗೆ ಹೋಗುತ್ತಿರುವವರು:

ನನ್ನ ಓಟು ಆಡಿಟ್‌ಗೆ. ದುಡ್ಡು ಕಡಿಮೆ, ಆದರೆ ಟಾರ್ಗೆಟ್ ಇಲ್ಲ, ತಿಜೋರಿ ಕೀಲಿಯ ಹೊಣೆ ಇಲ್ಲ. ಹಿಂದಿನ ದಿನದ ವೋಚರ್, ಚಿನ್ನದ ಸಾಲದ ಪ್ಯಾಕೆಟ್, ಸಾಲದ ಕಡತ, ಹೀಗೆ ದಿನ ಹೋಗುತ್ತದೆ. ಒಂದು ಶಾಖೆಯಲ್ಲಿ ಡಿಪಿ ನೋಟ್‌ಗೆ (ಕೇಳಿದಾಗ ಸಾಲ ತೀರಿಸುತ್ತೇನೆ ಎಂದು ಸಾಲಗಾರ ಬರೆದುಕೊಡುವ ಪತ್ರ) 3 ವರ್ಷ ತುಂಬಲು ಕೆಲವೇ ದಿನ ಉಳಿದಿತ್ತು. ಸಾಲ ಬಾಕಿ ಇದೆ ಎಂದು ಸಾಲಗಾರ ಮತ್ತೆ ಒಪ್ಪಿ ಸಹಿ ಹಾಕುವ ರಿವೈವಲ್ ಲೆಟರ್ ಆಗಿರಲಿಲ್ಲ. ವಾಯಿದೆ ಮೀರಿದರೆ ಕೋರ್ಟಿನಲ್ಲಿ ಆ ನೋಟಿನ ಮೇಲೆ ವಸೂಲಿ ಕೇಳಲು ಆಗುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಗೆ ತೋರಿಸಿದೆ. ಅವತ್ತೇ ಸಂಜೆ ಸಾಲಗಾರರ ಅಂಗಡಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಳು. ಅವಳಿಗೆ ಅದುವರೆಗೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ನಮ್ಮಂಥವರು ಮತ್ತೆ ಹೋಗಬೇಕಾದ್ದು ಇದಕ್ಕೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಷ್ಟ ಒಂದೇ. ನಿಮ್ಮ ಕೈಕೆಳಗೆ ಇದ್ದವರೇ ಈಗ ಮ್ಯಾನೇಜರ್. ‘ಇದೊಂದು ಬರೀಬೇಡಿ ಮೇಡಂ’ ಅನ್ನುತ್ತಾರೆ. ಬರೆಯಲೇಬೇಕು. ನೀವೇ ಕೆಲಸ ಮಾಡಿದ ಶಾಖೆಯನ್ನು ಮಾತ್ರ ಒಪ್ಪಿಕೊಳ್ಳಬೇಡಿ.

ಇನ್ನೊಬ್ಬ ನಿವೃತ್ತರು:

ಎರಡು ಮಾತು ಸೇರಿಸುತ್ತೇನೆ. ಅಧಿಕಾರಿಯಾಗಿದ್ದವರು ನಿವೃತ್ತಿಯ ಬೆನ್ನಲ್ಲೇ ಹೊರಗೆ ಕೆಲಸ ಹಿಡಿಯಲು ಬ್ಯಾಂಕಿನ ಪೂರ್ವಾನುಮತಿ ಬೇಕು ಎಂದು ಪಿಂಚಣಿ ನಿಯಮದಲ್ಲಿದೆ. ಸೌಹಾರ್ದಕ್ಕೆ ಹೋಗುವುದಾದರೆ ಪಿಂಚಣಿ ವಿಭಾಗಕ್ಕೆ ಮೊದಲೇ ಪತ್ರ ಬರೆದು ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಇನ್ನು ಆಡಿಟ್ ದುಡ್ಡನ್ನು ವೃತ್ತಿಪರ ಶುಲ್ಕವಾಗಿ ಕೊಟ್ಟು ಟಿಡಿಎಸ್ ಮುರಿದರೆ, ಆದಾಯ ತೆರಿಗೆ ರಿಟರ್ನ್ಸ್‌ಗೆ ಸಂಬಳ, ಪಿಂಚಣಿಯವರು ತುಂಬುವ ಸರಳ ಫಾರ್ಮ್ ಐಟಿಆರ್ 1 ನಡೆಯುವುದಿಲ್ಲ. ಕರಾರಿಗೆ ಸಹಿ ಹಾಕುವಾಗಲೇ ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂದು ಕೇಳಿಕೊಳ್ಳಿ.